1415 ಎಂಬ ವರ್ಷ ಯಾವ ದಿನ ಶುರುವಾಯಿತು?

ಬೊಹೆಮಿಯಾದ ಧರ್ಮೋಪದೇಶಕ ಯಾನ್ ಹುಸ್‌ನನ್ನು ಕಾನ್‌ಸ್ಟನ್ಸ್ ಪಟ್ಟಣದಲ್ಲಿ ಜೀವಂತ ಸುಟ್ಟದ್ದು 1415ರ ಜುಲೈ 6, ಶನಿವಾರ. ಪೋರ್ಚುಗೀಸರು ಆಫ್ರಿಕಾದ ದಡದ ಸೆಯುಟಾ ಹಿಡಿದದ್ದು ಆಗಸ್ಟ್ 21, ಬುಧವಾರ. ಇಂಗ್ಲೆಂಡಿನ ಐದನೇ ಹೆನ್ರಿ ಅಜಿನ್‌ಕೋರ್ಟ್‌ನಲ್ಲಿ ಫ್ರೆಂಚರನ್ನು ಸೋಲಿಸಿದ್ದು ಅಕ್ಟೋಬರ್ 25, ಶುಕ್ರವಾರ. ಇತಿಹಾಸದ ಪುಸ್ತಕಗಳಲ್ಲಿ ಈ ಮೂರೂ ಒಂದೇ ಸಾಲಿನಲ್ಲಿ ಕೂರುತ್ತವೆ. ಆ ಕಾಲದ ಕಾಗದಪತ್ರ ತೆರೆದರೆ ಮಾತ್ರ ಊರಿಗೊಂದು ಲೆಕ್ಕ. ಈ ವರ್ಷದ ಮೇಲೆ ಕೆಲಸ ಮಾಡುವ ವಿದ್ಯಾರ್ಥಿ ಯುದ್ಧ, ಧರ್ಮಸಭೆ, ರಾಜಕಾರಣ ಎಲ್ಲಕ್ಕೂ ಮೊದಲು ಕಲಿಯಬೇಕಾದದ್ದು ತಾರೀಖು ಓದುವುದನ್ನು.

ಇಂಗ್ಲೆಂಡಿನಲ್ಲಿ ಹೊಸ ವರ್ಷ ಹುಟ್ಟುತ್ತಿದ್ದದ್ದು ಮಾರ್ಚ್ 25ಕ್ಕೆ, ಮೇರಿಗೆ ದೇವದೂತನು ಶುಭವಾರ್ತೆ ತಂದ ಹಬ್ಬದ ದಿನ. ಜರ್ಮನ್ ನಾಡುಗಳ ಹೆಚ್ಚಿನ ಕಡೆ ಕ್ರಿಸ್‌ಮಸ್‌ಗೆ, ವೆನಿಸ್‌ನಲ್ಲಿ ಮಾರ್ಚ್ 1ಕ್ಕೆ. ಫ್ಲಾರೆನ್ಸ್ ಮತ್ತು ಪೀಸಾ ಎರಡೂ ಮಾರ್ಚ್ 25ನ್ನೇ ಹಿಡಿದಿದ್ದರೂ ಪೀಸಾದ ಎಣಿಕೆ ಪೂರ್ತಿ ಒಂದು ವರ್ಷ ಮುಂದೆ. ನಮ್ಮ 1415ರ ಏಪ್ರಿಲ್ 10 ಫ್ಲಾರೆನ್ಸ್‌ನವರಿಗೂ 1415, ಪೀಸಾದವರಿಗೆ 1416. ಪೀಸಾ 1406ರಲ್ಲೇ ಫ್ಲಾರೆನ್ಸ್‌ನ ವಶವಾಗಿತ್ತು. ಆದರೂ ತನ್ನ ಲೆಕ್ಕವನ್ನು ಅದು ಬಿಟ್ಟುಕೊಡಲಿಲ್ಲ.

ಇದರಿಂದ ಆಗುವ ಅನಾಹುತಕ್ಕೆ ಒಂದು ಉದಾಹರಣೆ ಸಾಕು. ಆಗ ಪೋಪ್ ಎನಿಸಿಕೊಂಡಿದ್ದ ಮೂವರಲ್ಲಿ ಒಬ್ಬನಾದ ಇಪ್ಪತ್ತಮೂರನೇ ಜಾನ್ ವೇಷ ಮರೆಸಿಕೊಂಡು ಕಾನ್‌ಸ್ಟನ್ಸ್‌ನಿಂದ ಓಡಿಹೋದದ್ದು ಮಾರ್ಚ್ 20ರಂದು. ಅಲ್ಲಿ ಕೂಡಿದ್ದ ಕ್ರೈಸ್ತ ಧರ್ಮಸಭೆ ಅವನನ್ನು ಪದಚ್ಯುತಗೊಳಿಸಿದ್ದು ಮೇ 29ಕ್ಕೆ. ನಡುವೆ 70 ದಿನ ಅಷ್ಟೇ. ಇಂಗ್ಲಿಷ್ ಲೆಕ್ಕದಲ್ಲಿ ಮೊದಲನೆಯದು 1414, ಎರಡನೆಯದು 1415. ಹಾಗೆಯೇ ಹೆನ್ರಿಯ ರಾಯಭಾರಿಗಳು ಪ್ಯಾರಿಸ್‌ನಲ್ಲಿ ಸಂಧಾನಕ್ಕೆ ಕೂತದ್ದು 1415ರ ಫೆಬ್ರವರಿ–ಮಾರ್ಚ್‌ನಲ್ಲಿ. ಅಂದಿನ ಇಂಗ್ಲಿಷ್ ಎಣಿಕೆಯ 1414ನ್ನು ಹಾಗೇ ನಂಬಿದರೆ ಮಾತುಕತೆ ಮುರಿದು ವರ್ಷ ಕಳೆದ ಮೇಲೆ ಹೆನ್ರಿ ಹಡಗು ಹತ್ತಿದಂತೆ ಕಾಣುತ್ತದೆ. ನಿಜವಾಗಿ ಆತ ಅದೇ ವರ್ಷದ ಆಗಸ್ಟ್ ನಡುವಿನಲ್ಲೇ ಫ್ರಾನ್ಸಿನ ನಾರ್ಮಂಡಿಯಲ್ಲಿ ಇಳಿದಿದ್ದ. ಜನವರಿ 1ರಿಂದ ಮಾರ್ಚ್ 24ರವರೆಗಿನ ತಾರೀಖನ್ನು ಟಿಪ್ಪಣಿಯಲ್ಲಿ ಯಾವಾಗಲೂ 1414/15 ಎಂದು ಜೋಡಿಯಾಗಿ ಬರೆದುಕೊಳ್ಳಿ.

ಫ್ರಾನ್ಸ್ ಇನ್ನೂ ಕಷ್ಟ. ಅಲ್ಲಿನ ರಾಜಕಚೇರಿಗೆ ವರ್ಷ ಶುರುವಾಗುತ್ತಿದ್ದದ್ದು ಈಸ್ಟರ್‌ಗೆ, ಈಸ್ಟರೋ ಪ್ರತಿ ವರ್ಷ ಜಾಗ ಬದಲಿಸುವ ಹಬ್ಬ. 1415ರಲ್ಲಿ ಅದು ಮಾರ್ಚ್ 31ಕ್ಕೆ ಬಂತು, 1416ರಲ್ಲಿ ಏಪ್ರಿಲ್ 19ಕ್ಕೆ. ಅಂದರೆ ಫ್ರೆಂಚರ 1415ಕ್ಕೆ 385 ದಿನ, ಮತ್ತು ಮಾರ್ಚ್ 31ರಿಂದ ಏಪ್ರಿಲ್ 18ರವರೆಗಿನ ತಾರೀಖುಗಳು ಅದೇ ವರ್ಷದಲ್ಲಿ ಎರಡು ಸಲ ಬರುತ್ತವೆ. ‘1415, ಏಪ್ರಿಲ್ 10’ ಎಂದಷ್ಟೇ ಇದ್ದರೆ ಅದು ಯಾವ ಏಪ್ರಿಲ್? ಜಾಗರೂಕ ಬರಹಗಾರರು ‘ಈಸ್ಟರ್‌ಗೆ ಮುಂಚೆ’, ‘ಈಸ್ಟರ್ ನಂತರ’ ಎಂದು ಸೇರಿಸುತ್ತಿದ್ದರು. ಸೇರಿಸದಿದ್ದಾಗ ವಾರ ನೋಡಬೇಕು: ಮೊದಲ ಏಪ್ರಿಲ್ 10 ಬುಧವಾರ, ಎರಡನೆಯದು ಶುಕ್ರವಾರ.

ಈ ವಾರದ ಪರೀಕ್ಷೆಯೇ ನಮ್ಮ ಕೈಯಲ್ಲಿರುವ ಒಳ್ಳೆಯ ಆಯುಧ. ಕನ್ನಡ ಶಾಸನ ಓದುವವರಿಗೆ ಇದು ಹೊಸದಲ್ಲ. ಶಕವರ್ಷ, ಸಂವತ್ಸರ, ತಿಥಿ, ವಾರ ನಾಲ್ಕೂ ತಾಳೆಯಾದರೆ ಮಾತ್ರ ನಾವು ತಾರೀಖನ್ನು ಒಪ್ಪುತ್ತೇವೆ. ಯುರೋಪಿನಲ್ಲಿ ತಿಥಿಯ ಜಾಗದಲ್ಲಿ ಸಂತರ ಹಬ್ಬ. ಅಜಿನ್‌ಕೋರ್ಟ್ ಕದನದ ದಿನ ಕ್ರಿಸ್ಪಿನ್ ಮತ್ತು ಕ್ರಿಸ್ಪಿನಿಯನ್ ಸಂತರ ಹಬ್ಬ. ಆ ಹಬ್ಬ ಅಕ್ಟೋಬರ್ 25ಕ್ಕೆ ನಿಗದಿ. ಜನವರಿ 1ಕ್ಕೆ ಎ, 2ಕ್ಕೆ ಬಿ ಎಂದು ಏಳು ಅಕ್ಷರ ಹಚ್ಚುತ್ತಾ ಹೋದರೆ ಭಾನುವಾರಕ್ಕೆ ಬೀಳುವುದೇ ಆ ವರ್ಷದ ಭಾನುವಾರದ ಅಕ್ಷರ. 1415ಕ್ಕೆ ಅದು ಎಫ್, ಅಂದರೆ ವರ್ಷದ ಮೊದಲ ಭಾನುವಾರ ಜನವರಿ 6. ಅಲ್ಲಿಂದ ಎಣಿಸಿದರೆ ಅಕ್ಟೋಬರ್ 25 ಶುಕ್ರವಾರವೇ ಆಗುತ್ತದೆ. ಇಲ್ಲಿ ಒಂದು ಎಚ್ಚರಿಕೆ: ಎಣಿಸುವಾಗ ಆ ಕಾಲದ ಜೂಲಿಯನ್ ಪಂಚಾಂಗವನ್ನೇ ಇಟ್ಟುಕೊಳ್ಳಿ. ಇಂದಿನ ಗ್ರೆಗೋರಿಯನ್ ಲೆಕ್ಕಕ್ಕೆ ತಿರುಗಿಸುವ ತಂತ್ರಾಂಶ 9 ದಿನ ಸೇರಿಸಿ ಕದನವನ್ನು ನವೆಂಬರ್ 3ಕ್ಕೆ ಒಯ್ದುಬಿಡುತ್ತದೆ. ಹಬ್ಬದ ಜೊತೆಗಿನ ಅದರ ಕೊಂಡಿಯೇ ಕಳಚಿಹೋಗುತ್ತದೆ.

ಸರ್ಕಾರಿ ದಾಖಲೆಗಳಲ್ಲಿ ಇಸವಿಯೇ ಇರದಿರುವುದೂ ಸಾಮಾನ್ಯ. ಇಂಗ್ಲೆಂಡಿನಲ್ಲಿ ಅರಸನ ಆಳ್ವಿಕೆಯ ವರ್ಷ ಬರೆಯುತ್ತಿದ್ದರು. ಹೆನ್ರಿಯ ಆಳ್ವಿಕೆಯ ಎಣಿಕೆ 1413ರ ಮಾರ್ಚ್ 21ರಿಂದ, ಹಾಗಾಗಿ ‘ಮೂರನೇ ವರ್ಷ’ ಅಂದರೆ 1415ರ ಮಾರ್ಚ್ 21ರಿಂದ 1416ರ ಮಾರ್ಚ್ 20ರವರೆಗೆ. 1415ರ ಏಪ್ರಿಲ್ 29ರಂದು ಆತ ದಂಡನಾಯಕರೊಂದಿಗೆ ಮಾಡಿಕೊಂಡ ಸೈನ್ಯದ ಕರಾರುಗಳು ಈ ವರ್ಷಕ್ಕೆ ಸೇರಿದವು. ಕರಾರಿನ ಚರ್ಮಪತ್ರವನ್ನು ಒಮ್ಮೆ ಗಮನಿಸಿ ನೋಡಬೇಕು. ಒಂದೇ ಹಾಳೆಯಲ್ಲಿ ಅದೇ ಒಕ್ಕಣೆಯನ್ನು ಎರಡು ಸಲ ಬರೆದು, ನಡುವೆ ಗರಗಸದ ಹಲ್ಲಿನಂತೆ ಅಂಕುಡೊಂಕಾಗಿ ಕತ್ತರಿಸುತ್ತಿದ್ದರು. ದಂಡನಾಯಕನ ಮುದ್ರೆಯ ತುಂಡು ಖಜಾನೆಗೆ, ಅರಸನ ಮುದ್ರೆಯದು ದಂಡನಾಯಕನಿಗೆ. ತಕರಾರು ಬಂದರೆ ಎರಡನ್ನೂ ಜೋಡಿಸಿ ನೋಡುವುದು. ಹಲ್ಲಿಗೆ ಹಲ್ಲು ಕೂರದಿದ್ದರೆ ಪತ್ರ ಖೋಟಾ. ಕರಾರಿನ ದಿನಗೂಲಿ: ಬಿಲ್ಲುಗಾರನಿಗೆ 6 ಪೆನ್ಸ್, ಕವಚ ತೊಟ್ಟ ಭಟನಿಗೆ 12 ಪೆನ್ಸ್, ನೈಟ್‌ಗೆ 2 ಶಿಲ್ಲಿಂಗ್, ಅಂದರೆ 24 ಪೆನ್ಸ್. ಮೂರು ತಿಂಗಳಿಗೊಮ್ಮೆ ಬಟವಾಡೆ. ಎರಡನೇ ಕಂತಿಗೆ ಕೈಯಲ್ಲಿ ಹಣವಿಲ್ಲದೆ ಹೆನ್ರಿ ಅರಮನೆಯ ಒಡವೆಗಳನ್ನೇ ಅಡವಿಟ್ಟ.

ಹೊಸಬರು ತಪ್ಪುವುದು ಕೂಡುವಾಗ. ಕರಾರಿನ ಸಂಖ್ಯೆಗಳನ್ನೆಲ್ಲ ಕೂಡಿ, ಅಜಿನ್‌ಕೋರ್ಟ್‌ನಲ್ಲಿ ಇಷ್ಟು ಜನ ಹೋರಾಡಿದರು ಎನ್ನುತ್ತಾರೆ. ಕರಾರು ಹೇಳುವುದು ತರುತ್ತೇನೆ ಎಂದು ಒಪ್ಪಿದ ಜನರನ್ನು. ಬಂದವರು ಯಾರು ಎಂಬುದಕ್ಕೆ ಹಾಜರಿ ಪಟ್ಟಿ ಬೇಕು. ಸೆಪ್ಟೆಂಬರ್ 22ಕ್ಕೆ ಶರಣಾದ ನಾರ್ಮಂಡಿಯ ಆರ್ಫ್ಲರ್ ಕೋಟೆಯ ಮುತ್ತಿಗೆಯಲ್ಲಿ ರಕ್ತಭೇದಿ ಹರಡಿತು. ಕಾಯಿಲೆ ಬಿದ್ದವರನ್ನು ಊರಿಗೆ ಕಳಿಸಿದ ಪಟ್ಟಿ ಬೇರೆ ಇದೆ. ಆ ಕೋಟೆಯ ಕಾವಲಿಗೆಂದೇ 300 ಭಟರು, 900 ಬಿಲ್ಲುಗಾರರು ಹಿಂದುಳಿದರು. ಇಷ್ಟೂ ಕಳೆದ ಮೇಲೆ ಉಳಿದವರು ರಣರಂಗಕ್ಕೆ ಬಂದವರು.

ಪೋಪ್‌ಗಳ ಪತ್ರಗಳಲ್ಲಿ ಇರುವುದು ಪೀಠವೇರಿದ ಬಳಿಕದ ವರ್ಷ, ಆಗ ಪೋಪ್ ಎನಿಸಿಕೊಂಡವರು ಮೂವರು. 1415ರ ಫೆಬ್ರವರಿಯ ಯಾವ ದಿನವನ್ನಾದರೂ ತೆಗೆದುಕೊಳ್ಳಿ: ಜಾನ್‌ನಿಗೆ ಅದು ಐದನೇ ವರ್ಷ, ಹನ್ನೆರಡನೇ ಗ್ರೆಗರಿಗೆ ಒಂಬತ್ತನೆಯದು, ಹದಿಮೂರನೇ ಬೆನೆಡಿಕ್ಟ್‌ಗೆ ಇಪ್ಪತ್ತೊಂದನೆಯದು. ಜುಲೈ 4ಕ್ಕೆ ಗ್ರೆಗರಿ ರಾಜೀನಾಮೆ ಕೊಟ್ಟ. ಎರಡು ದಿನದ ಮೇಲೆ ಹುಸ್‌ನನ್ನು ಸುಟ್ಟಾಗ ಕಾನ್‌ಸ್ಟನ್ಸ್‌ನ ಸಭೆಯ ಮಟ್ಟಿಗೆ ಪೀಠ ಖಾಲಿ, ಬೆನೆಡಿಕ್ಟ್‌ನ ಆಸ್ಥಾನಕ್ಕೆ ಮಾತ್ರ ಅದು ಇಪ್ಪತ್ತೊಂದನೇ ವರ್ಷದ ಒಂದು ದಿನ. ಪತ್ರದ ಕಾಲಕ್ಕಿಂತ ಮೊದಲು ಅದು ಯಾವ ಪೋಪ್‌ನ ಕಡೆಯದು ಎಂಬುದು ಗೊತ್ತಾಗಬೇಕು.

ಪೋರ್ಚುಗಲ್‌ನವರು ಆಗ ಕ್ರಿಸ್ತಶಕವನ್ನೇ ಬಳಸುತ್ತಿರಲಿಲ್ಲ. ಅವರದು ಸೀಸರ್ ಶಕೆ, ಕ್ರಿಸ್ತಶಕಕ್ಕಿಂತ 38 ವರ್ಷ ಮುಂದೆ. ಅವರ ಅರಸ ಒಂದನೇ ಜೋವಾಂವ್ ಅದನ್ನು ಕೈಬಿಟ್ಟದ್ದು 1422ರಲ್ಲಿ. ಆದ್ದರಿಂದ ಸೆಯುಟಾ ವಿಜಯದ ವರ್ಷವನ್ನು ಅವರ ಅಂದಿನ ಪತ್ರಗಳು 1453 ಎನ್ನುತ್ತವೆ. 95 ವರ್ಷದ ಮೇಲೆ ಗೋವೆಯವರೆಗೆ ಬಂದ ಪೋರ್ಚುಗೀಸರ ಕಡಲಾಚೆಯ ದಂಡಯಾತ್ರೆ ಶುರುವಾದದ್ದು ಆ ವಿಜಯದಿಂದ. ತುರ್ಕರು ಕಾನ್‌ಸ್ಟಾಂಟಿನೋಪಲ್ ಗೆದ್ದದ್ದೂ ಕ್ರಿಸ್ತಶಕ 1453ರಲ್ಲೇ ಆದ್ದರಿಂದ ಕಣ್ಣು ಸುಲಭವಾಗಿ ಮೋಸ ಹೋಗುತ್ತದೆ. ಪತ್ರದಲ್ಲಿ ಆಳುವ ಅರಸನ ಹೆಸರು ಹುಡುಕಿ. ಜೋವಾಂವ್ ತೀರಿಕೊಂಡದ್ದು ಕ್ರಿಸ್ತಶಕ 1433ರಲ್ಲಿ. 1453 ಎಂದಿರುವ ಪತ್ರವನ್ನು ಅವನೇ ಹೊರಡಿಸಿದ್ದರೆ, 38 ಕಳೆಯಿರಿ.