ಬೀರುವಿನ ಹಿಂದಿನ ಗೋಡೆ, ಮಗುವಿನ ಕೆಮ್ಮು

ಬೂಷ್ಟು ಅಂದರೆ ಮಲೆನಾಡಿನವರ ತಾಪತ್ರಯ ಅಂತ ನಮ್ಮ ಕಡೆ ಒಂದು ನಂಬಿಕೆ. ಆಗುಂಬೆಯ ಮುಂದೆ ಮೈಸೂರಿನ ಮಳೆ ಯಾವ ಲೆಕ್ಕ? ವರ್ಷಕ್ಕೆ ಸುಮಾರು 800 ಮಿಲಿಮೀಟರ್, ಅದೂ ಮೇ ತಿಂಗಳಲ್ಲಿ ಒಂದಿಷ್ಟು, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಒಂದಿಷ್ಟು. ಆದರೂ ದಸರೆಗೆ ಬಣ್ಣ ಬಳಿಸಿದ ಗೋಡೆಯಲ್ಲಿ ಸಂಕ್ರಾಂತಿ ಹೊತ್ತಿಗೆ ಕಪ್ಪು ಚುಕ್ಕೆ ಏಳುತ್ತದೆ. ಅದೇ ಕೋಣೆಯಲ್ಲಿ ಮಲಗುವ ಮಗು ನಡುರಾತ್ರಿ ಎದ್ದು ಕೂತು ಕೆಮ್ಮುತ್ತದೆ. ಮಗುವಿಗೆ ಸಿರಪ್ ಕುಡಿಸುತ್ತಾರೆ, ಗೋಡೆಗೆ ಇನ್ನೊಂದು ಕೋಟ್ ಹೊಡೆಸುತ್ತಾರೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡುವವರು ಕಡಿಮೆ.

ಬೂಷ್ಟಿಗೆ ಮಳೆಯೇ ಬೇಕು ಅಂತಿಲ್ಲ, ಒದ್ದೆ ಇದ್ದರೆ ಸಾಕು. ಅದರ ಬೀಜಾಣುಗಳು ಗಾಳಿಯಲ್ಲಿ ಯಾವಾಗಲೂ ಇರುತ್ತವೆ. ಗೋಡೆಯೋ ಹತ್ತಿ ಹಾಸಿಗೆಯೋ ನೆನೆದು ಒಂದೆರಡು ದಿನ ಒಣಗದೆ ಉಳಿದರೆ ಅಲ್ಲೇ ಮೊಳೆಯುತ್ತವೆ. ನಮ್ಮ ಊರಿನಲ್ಲಿ ಆ ಒದ್ದೆ ಹೆಚ್ಚಾಗಿ ಮನೆಯೊಳಗಿನದೇ. ತಾರಸಿಯ ಟ್ಯಾಂಕ್ ತುಂಬಿ ಹರಿಯುತ್ತದೆ. ಬಚ್ಚಲುಮನೆಯ ಪೈಪ್ ಗೋಡೆಯೊಳಗೇ ಒಸರುತ್ತದೆ. ಮಂಡ್ಯದ ಕಡೆ ನಾಲೆ, ಗದ್ದೆ ಪಕ್ಕದ ಮನೆಗಳಲ್ಲಿ ತೇವ ಅಡಿಪಾಯದಿಂದಲೇ ಮೇಲೇರುತ್ತದೆ. ಹಳೇ ಮಣ್ಣಿನ ಗೋಡೆಗೆ ಸುಣ್ಣ ಬಳಿದಿದ್ದರೆ ತೇವ ಹೇಗೋ ಆವಿಯಾಗಿ ಹೊರಗೆ ಹೋಗುತ್ತಿತ್ತು. ಅದರ ಮೇಲೆ ಸಿಮೆಂಟ್ ಮೆತ್ತಿ ಆಯಿಲ್ ಪೇಂಟ್ ಹೊಡೆದರೆ ತೇವಕ್ಕೆ ದಾರಿ ಎಲ್ಲಿ?

ಇನ್ನು ನಾವೇ ಬಿಡುವ ನೀರು. ನಾಲ್ಕು ಜನ ಕಿಟಕಿ ಮುಚ್ಚಿ ಮಲಗಿದರೆ ಬೆಳಗಾಗುವಷ್ಟರಲ್ಲಿ ಉಸಿರು, ಬೆವರಿನಿಂದ ಸುಮಾರು ಒಂದು ಲೀಟರ್ ನೀರು ಆ ಕೋಣೆಯ ಗಾಳಿಗೆ ಸೇರುತ್ತದೆ. ಚಳಿಗಾಲದಲ್ಲಿ ಅದು ಹೋಗಿ ಕೂರುವುದು ಎಲ್ಲಕ್ಕಿಂತ ತಣ್ಣಗಿರುವ ಜಾಗದಲ್ಲಿ. ಅಂದರೆ ಬಿಸಿಲು ಬೀಳದ ಗೋಡೆಯ ಮೂಲೆ, ಬೀರುವಿನ ಹಿಂದುಗಡೆ.

ನನ್ನನ್ನು ಕೇಳಿದರೆ ನಮ್ಮ ಕಡೆ ಮೊದಲು ನೋಡಬೇಕಾದ್ದು ಬಾಣಂತಿ ಕೋಣೆಯನ್ನು. ಥಂಡಿ ಗಾಳಿ ಬೀಳಬಾರದು ಅಂತ ಕಿಟಕಿ ಮುಚ್ಚಿ, ಸಂದಿಗೂ ಬಟ್ಟೆ ತುರುಕಿರುತ್ತಾರೆ. ಒಳಗೇ ಹಗ್ಗ ಕಟ್ಟಿ ಮಗುವಿನ ಬಟ್ಟೆ ಒಣಹಾಕಿರುತ್ತಾರೆ. ಎಣ್ಣೆನೀರು ಆದಮೇಲೆ ಸಾಂಬ್ರಾಣಿ ಹೊಗೆ ಬೇರೆ. ಮುಗ್ಗಲು ವಾಸನೆ ಬಂದರೆ ಎರಡು ಊದುಬತ್ತಿ ಜಾಸ್ತಿ ಹಚ್ಚುವುದು ಮೈಸೂರಿನವರಿಗೆ ಕಲಿಸಬೇಕೇ! ಥಂಡಿ ಕೆಟ್ಟದ್ದು ಅನ್ನುವ ಅಜ್ಜಿಯ ಮಾತು ಸುಳ್ಳಲ್ಲ. ಆದರೆ ಥಂಡಿ ಇರುವುದು ಗೋಡೆಯಲ್ಲಿ, ಮುಚ್ಚಿದ್ದು ಕಿಟಕಿಯನ್ನು. ಎಳೆಮಗು ನಿಮಿಷಕ್ಕೆ 30ರಿಂದ 60 ಸಲ ಉಸಿರಾಡುತ್ತದೆ, ನಾವು 12ರಿಂದ 20 ಸಲ. ಮೈತೂಕಕ್ಕೆ ಹೋಲಿಸಿದರೆ ಆ ಕೋಣೆಯ ಗಾಳಿಯನ್ನು ಅತಿ ಹೆಚ್ಚು ಒಳಗೆಳೆಯುವುದು ಮಗುವೇ.

ಬಹುಪಾಲು ಬೀಜಾಣುಗಳ ಗಾತ್ರ 2ರಿಂದ 10 ಮೈಕ್ರಾನ್. ತಲೆಗೂದಲಿನ ದಪ್ಪವೇ ಸುಮಾರು 70. ಚಿಕ್ಕವು ಮೂಗನ್ನು ದಾಟಿ ಎದೆಯೊಳಗೆ ಇಳಿಯುತ್ತವೆ. ಅಲರ್ಜಿ ಇರುವ ಮಗುವಿನ ದೇಹ ಅದನ್ನು ಶತ್ರು ಅಂತ ತಿಳಿದು ಹಿಸ್ಟಮಿನ್ ಎಂಬ ರಾಸಾಯನಿಕ ಸುರಿಸುತ್ತದೆ, ಶ್ವಾಸನಾಳದ ಒಳಪದರ ಊದಿಕೊಳ್ಳುತ್ತದೆ. ಅಲರ್ಜಿ ಇಲ್ಲದವರನ್ನೂ ಬೂಷ್ಟಿನಲ್ಲಿರುವ ಬೀಟಾ-ಗ್ಲೂಕನ್‌ನಂಥ ವಸ್ತುಗಳು ಕೆರಳಿಸಬಲ್ಲವು. ಎಳನೀರಿನ ಸ್ಟ್ರಾವನ್ನು ಬೆರಳಲ್ಲಿ ಅಮುಕಿ ಹೀರಿ ನೋಡಿ, ಮಗುವಿನ ಕಷ್ಟ ಗೊತ್ತಾಗುತ್ತದೆ. ನಳಿಕೆಯ ಅಗಲ ಅರ್ಧವಾದರೆ ಗಾಳಿಗೆ ಆಗುವ ತಡೆ ಎರಡು ಪಟ್ಟಲ್ಲ, ಸುಮಾರು ಹದಿನಾರು ಪಟ್ಟು. ನಮ್ಮ ಶ್ವಾಸನಾಳ ಅಷ್ಟೇ ಊದಿಕೊಂಡರೆ ಬರೀ ಕೆಮ್ಮು. ಮಗುವಿಗೆ ಅದೇ ಉಬ್ಬಸ.

ಹಾಗಂತ ಕಪ್ಪು ಬೂಷ್ಟು ಕಂಡ ಕೂಡಲೇ ಗಾಬರಿ ಬೇಡ. 1990ರ ದಶಕದಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಕೆಲವು ಹಸುಗೂಸುಗಳ ಶ್ವಾಸಕೋಶದಲ್ಲಿ ರಕ್ತಸ್ರಾವ ಆಯಿತು. ಅದಕ್ಕೆ ಸ್ಟ್ಯಾಕಿಬಾಟ್ರಿಸ್ ಎಂಬ ಕಪ್ಪು ಬೂಷ್ಟೇ ಕಾರಣ ಅಂತ ಸುದ್ದಿ ಹಬ್ಬಿತು. 2000ದಲ್ಲಿ ಅಲ್ಲಿನ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಮರುಪರಿಶೀಲಿಸಿ, ಆ ನಂಟು ಸಾಬೀತಾಗಿಲ್ಲ ಅಂದಿತು. ನನಗೆ ಹೆಚ್ಚು ಮುಖ್ಯ ಅನಿಸುವುದು ಅದೇ ಊರಿನ ಇನ್ನೊಂದು ಪ್ರಯೋಗ, 2006ರಲ್ಲಿ ಪ್ರಕಟವಾದದ್ದು. ಬೂಷ್ಟು ಹಿಡಿದ ಮನೆಗಳಲ್ಲಿದ್ದ, ಆಸ್ತಮಾ ಇರುವ 62 ಮಕ್ಕಳನ್ನು ಎರಡು ಗುಂಪು ಮಾಡಿದರು. ಎರಡಕ್ಕೂ ಔಷಧಿ, ತಿಳಿವಳಿಕೆ ಕೊಟ್ಟರು. ಒಂದು ಗುಂಪಿನ ಮನೆಗಳಲ್ಲಿ ಮಾತ್ರ ಸೋರಿಕೆ ರಿಪೇರಿ ಮಾಡಿಸಿ, ತೇವ ನಿಲ್ಲಿಸಿ, ಬೂಷ್ಟು ತೆಗೆಸಿದರು. ಆಮೇಲೆ ಆ ಮಕ್ಕಳು ತುರ್ತು ಚಿಕಿತ್ಸೆಗೆ ಓಡುವುದು ಬಹಳ ಕಡಿಮೆಯಾಯಿತು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇಷ್ಟು ಬೀಜಾಣು ಇದ್ದರೆ ಅಪಾಯ ಅಂತ ಅಂಕಿ ಕಟ್ಟಲಿಲ್ಲ. ತೇವ ಬಾರದ ಹಾಗೆ ನೋಡಿಕೊಳ್ಳಿ, ಬಂದರೆ ಸರಿಮಾಡಿ ಅಂದಿತು.

ತೇವ ಎಲ್ಲಿಂದ ಅಂತ ಪತ್ತೆಮಾಡುವುದು ಸುಲಭ. ಕುವೆಂಪುನಗರದಲ್ಲಿ ನಮ್ಮ ಚಿಕ್ಕಮ್ಮನ ಮನೆಯ ಬೀರು ಎಳೆದಾಗ, ಅದು ನಿಂತಿದ್ದಷ್ಟೂ ಅಗಲಕ್ಕೆ ಗೋಡೆ ಕಪ್ಪಾಗಿತ್ತು. ಮೇಲೆ ಸಾಸಿವೆಯಷ್ಟು ಚುಕ್ಕೆ, ಕೆಳಗೆ ಹೋದಹಾಗೆ ಎಲ್ಲ ಕೂಡಿಕೊಂಡು ಒಂದೇ ಮಚ್ಚೆ. "ಅದೇನಿಲ್ಲ ಕಣೋ, ಸುಮ್ನೆ ಥಂಡಿ" ಅಂದರು ಚಿಕ್ಕಮ್ಮ. ಮಚ್ಚೆಯ ಪಕ್ಕ ಗೋಡೆ ಒರೆಸಿ, ಅಂಗೈ ಅಗಲದ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿದೆವು. ಒಂದೆರಡು ದಿನದಲ್ಲಿ ಹಾಳೆಯ ಹೊರಮೈ ಒದ್ದೆಯಾದರೆ ನೀರು ಕೋಣೆಯ ಗಾಳಿಯದ್ದು, ಕಿಟಕಿ ತೆಗೆಯಬೇಕು. ಒಳಮೈಯಲ್ಲಿ ಹನಿ ಕಟ್ಟಿದರೆ ಗೋಡೆಯದ್ದು. ಅಲ್ಲಿ ಒಳಗಡೆ ಹನಿ ಇತ್ತು. ಗೋಡೆಯ ಆಚೆ ಬಚ್ಚಲುಮನೆ. ಪೇಂಟರ್ ಬದಲು ಪ್ಲಂಬರ್ ಬಂದ.

ಬಿಳಿ ಪುಡಿ ಕಂಡರೆ ಮೇಲೆ ಒಂದು ಹನಿ ನೀರು ಹಾಕಿ. ಕರಗಿದರೆ ಅದು ಗೋಡೆ ಬಿಟ್ಟ ಉಪ್ಪು, ಬೂಷ್ಟಲ್ಲ. ಆದರೆ ಉಪ್ಪು ಬಂದಿದೆ ಅಂದರೆ ಅಲ್ಲಿ ನೀರಿದೆ ಅಂತಲೇ ಅರ್ಥ. ಬೂಷ್ಟನ್ನು ಒಣ ಪೊರಕೆಯಲ್ಲಿ ಉಜ್ಜಬೇಡಿ, ಬೀಜಾಣು ಮನೆತುಂಬ ಹಾರುತ್ತವೆ. ಮಗುವನ್ನು ಆಚೆ ಕಳಿಸಿ, ಮಾಸ್ಕ್ ಹಾಕಿಕೊಂಡು, ಸೋಪಿನ ನೀರಿನಲ್ಲಿ ಒದ್ದೆಮಾಡಿ ತೆಗೆಯಿರಿ. ಸತ್ತ ಬೂಷ್ಟೂ ಅಲರ್ಜಿ ತರುತ್ತದೆ, ಹಾಗಾಗಿ ಕೊಂದರೆ ಸಾಲದು, ಒರೆಸಿ ತೆಗೆಯಬೇಕು. ಬ್ಲೀಚಿಂಗ್ ಪೌಡರ್ ಜೊತೆ ಬಚ್ಚಲಿನ ಆಸಿಡ್ ಮಾತ್ರ ಯಾವತ್ತೂ ಬೆರೆಸಬೇಡಿ. ಕ್ಲೋರಿನ್ ಅನಿಲ ಏಳುತ್ತದೆ.

ಮಕ್ಕಳ ಕೆಮ್ಮಿಗೆ ಹೆಚ್ಚಿನ ಸಲ ವೈರಸ್ಸೇ ಕಾರಣ, ಎಲ್ಲವನ್ನೂ ಗೋಡೆಯ ತಲೆಗೆ ಕಟ್ಟುವುದು ತಪ್ಪು. ಮನೆಯಲ್ಲಿ ಜಾಸ್ತಿ, ಅಜ್ಜಿ ಊರಿಗೆ ಹೋದಾಗ ಕಡಿಮೆ ಅನ್ನುವಂಥ ಕೆಮ್ಮಾದರೆ ಡಾಕ್ಟರಿಗೆ ಹೇಳಿ, ಗೋಡೆಯ ಫೋಟೊ ತೋರಿಸಿ. ಇನ್ಹೇಲರ್ ಬರೆದುಕೊಟ್ಟರೆ ಚಟ ಹಿಡಿಯುತ್ತೆ ಅಂತ ಹೆದರಬೇಡಿ, ಹಾಗಾಗುವುದಿಲ್ಲ. ಒಂದರಿಂದ ಐದು ವರ್ಷದೊಳಗಿನ ಮಗು ಸುಮ್ಮನಿದ್ದಾಗಲೂ ನಿಮಿಷಕ್ಕೆ 40 ಅಥವಾ ಹೆಚ್ಚು ಸಲ ಉಸಿರಾಡುತ್ತಿದ್ದರೆ, ಎರಡು ತಿಂಗಳು ದಾಟಿದ ಕೂಸಾದರೆ 50 ಅಥವಾ ಹೆಚ್ಚು, ಇಲ್ಲವೇ ಪಕ್ಕೆ ಒಳಗೆಳೆಯುತ್ತಿದ್ದರೆ, ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಬಾಡಿಗೆ ಮನೆಯವರ ಪಾಡು ಬೇರೆ. ರಿಪೇರಿ ಅಂದರೆ ಓನರ್ ಮುಂದಿನ ತಿಂಗಳು ಅಂತಾರೆ. ಅಲ್ಲಿವರೆಗೆ ಮಗುವಿನ ಹಾಸಿಗೆಯನ್ನು ಬಿಸಿಲು ಬೀಳುವ ಕೋಣೆಗೆ ಹಾಕಿ, ಬೀರುವನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆಯಿರಿ, ಒದ್ದೆ ಬಟ್ಟೆಯನ್ನು ತಾರಸಿಗೆ ಹಾಕಿ.