ಉಬ್ಬಸ, ಶುಗರ್ ಇರುವ ಮಕ್ಕಳಿಗೂ ಆಟ ಬೇಕು

ಉಡುಪಿ, ಮಂಗಳೂರಿನ ಶಾಲೆಗಳಲ್ಲಿ ಆಟದ ಪೀರಿಯಡ್ ಬಂತೆಂದರೆ ಒಂದಿಬ್ಬರು ಮಕ್ಕಳು ಜಗಲಿಯಲ್ಲೇ ಕೂತಿರುತ್ತಾರೆ. ಒಬ್ಬನಿಗೆ ಉಬ್ಬಸ, ಇನ್ನೊಬ್ಬಳಿಗೆ ಶುಗರ್. ‘ಓಡಿಸಬೇಡಿ ಸರ್’ ಎಂದು ಮನೆಯವರೇ ಹೇಳಿರುತ್ತಾರೆ. ಆ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೆ ಸುಮ್ನೆ ಕೂರಿಸಿದರೆ ಮೈಯ ಕಸುವು ಇನ್ನೂ ಕಡಿಮೆಯಾಗುತ್ತದೆ, ಗೆಳೆಯರೂ ದೂರವಾಗುತ್ತಾರೆ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಉಬ್ಬಸವನ್ನೇ ನೋಡಿ. ಓಡುವಾಗ ಬಾಯಿಂದ ಜೋರಾಗಿ ಉಸಿರೆಳೆಯುತ್ತೇವೆ. ಮೂಗಿನಲ್ಲಿ ತೇವವಾಗದ ಆ ಗಾಳಿ ಶ್ವಾಸನಾಳದ ಒಳಪದರವನ್ನು ಒಣಗಿಸುತ್ತದೆ. ಒಣಗಿದ ಪದರ ಕೆರಳಿ, ಸುತ್ತಲಿನ ಸ್ನಾಯು ಬಿಗಿಯುತ್ತದೆ. ಹೆಚ್ಚಾಗಿ ಓಟ ನಿಂತ ಐದು-ಹತ್ತು ನಿಮಿಷದಲ್ಲಿ ಎದೆ ಸುಂಯ್‌ಗುಡುತ್ತದೆ. ವೈದ್ಯರು ಹೇಳಿದ್ದರೆ ಆಟಕ್ಕೆ 10–15 ನಿಮಿಷ ಮೊದಲು ಪಂಪ್ (ಇನ್‌ಹೇಲರ್) ತೆಗೆದುಕೊಳ್ಳಬೇಕು. ಆಮೇಲೆ ನಡಿಗೆ, ಮಧ್ಯೆ ಮಧ್ಯೆ ಚಿಕ್ಕ ಓಟ, ಹೀಗೆ ಹತ್ತು ನಿಮಿಷ ಮೈ ಸಡಿಲ ಮಾಡಿಕೊಂಡರೆ ಹಲವರಿಗೆ ನಂತರ ಅಷ್ಟು ಬಿಗಿಯುವುದಿಲ್ಲ. ದಿನಾ ತೆಗೆದುಕೊಳ್ಳುವ ಔಷಧ ಮಾತ್ರ ತಪ್ಪಿಸಬಾರದು. ಒಂದೇ ಸಮನೆ ಓಡುವುದಕ್ಕಿಂತ ನಿಂತು ನಿಂತು ಆಡುವ ವಾಲಿಬಾಲ್, ತ್ರೋಬಾಲ್, ಲಗೋರಿ ಹಗುರ. ನಮ್ಮ ಕರಾವಳಿಯ ಹಸಿ ಗಾಳಿ ಓಟಕ್ಕೆ ಒಳ್ಳೆಯದೇ, ಆದರೆ ಮಳೆಗಾಲದಲ್ಲಿ ಗೋಡೆಗೆ ಹಿಡಿಯುವ ಬೂಸ್ಟು ಹಲವರಿಗೆ ಆಗುವುದಿಲ್ಲ. ಈಜು ಬಹಳ ಮಕ್ಕಳಿಗೆ ಹಿಡಿಸುತ್ತದೆ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಈಜಿನಲ್ಲಿ ನಾಲ್ಕು ಚಿನ್ನ ಗೆದ್ದ ಏಮಿ ವ್ಯಾನ್ ಡೈಕನ್‌ಗೆ ಚಿಕ್ಕಂದಿನಿಂದಲೂ ಉಬ್ಬಸವಿತ್ತು.

ಹೃದಯದ ವಿಷಯದಲ್ಲಿ ಅಂದಾಜು ಬೇಡ. ತೂತು ಮುಚ್ಚಿಸಿಕೊಂಡ ಎಷ್ಟೋ ಮಕ್ಕಳು ಎಲ್ಲರಂತೆ ಆಡುತ್ತಾರೆ. ಕವಾಟ ತೀರಾ ಕಿರಿದಾಗಿದ್ದರೆ ಮಾತು ಬೇರೆ. ಹೃದಯದ ವೈದ್ಯರೇ ಹೇಳಬೇಕು. ಹಿಮೋಫಿಲಿಯಾ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ, ಇದ್ದರೆ ಕಬಡ್ಡಿ ಬೇಡ, ಈಜು ಆಗಬಹುದು.

ಟೈಪ್ 1 ಡಯಾಬಿಟಿಸ್‌ನಲ್ಲಿ, ಅಂದರೆ ಮೈಯಲ್ಲಿ ಇನ್ಸುಲಿನ್ ತಯಾರಾಗದೆ ಚುಚ್ಚಿಕೊಳ್ಳಲೇಬೇಕಾದ ಶುಗರ್ ಕಾಯಿಲೆಯಲ್ಲಿ, ನಡೆಯುವುದು ಇನ್ನೂ ಸೋಜಿಗ. ಸ್ನಾಯು ಕೆಲಸಕ್ಕೆ ಇಳಿದಾಗ ಅದರ ಜೀವಕೋಶದೊಳಗಿನ ಗ್ಲುಟ್-4 ಎಂಬ ಪ್ರೋಟೀನ್ ಹೊರಪೊರೆಗೆ ಬಂದು, ಇನ್ಸುಲಿನ್‌ಗೆ ಕಾಯದೆ ಸಕ್ಕರೆಯನ್ನು ಒಳಗೆ ಬಿಡುತ್ತದೆ. ಚುಚ್ಚಿಕೊಂಡ ಇನ್ಸುಲಿನ್ ಕೂಡ ಅದೇ ಹೊತ್ತಿಗೆ ಕೆಲಸ ಮಾಡುತ್ತಿರುತ್ತದೆ. ಎರಡೂ ಸೇರಿದರೆ ಶುಗರ್ ಇಳಿಯುತ್ತದೆ, ಅಲ್ವಾ? ಜೋರಾದ ಚಿಕ್ಕ ಓಟದಲ್ಲಿ ಮಾತ್ರ ಅಡ್ರಿನಲಿನ್‌ನಿಂದ ಸ್ವಲ್ಪ ಹೊತ್ತು ಏರಲೂಬಹುದು. ಹಾಗಾಗಿ ಆಟಕ್ಕೆ ಮೊದಲು, ನಂತರ ಶುಗರ್ ನೋಡಬೇಕು. ಗ್ಲೂಕೋಸ್ ಪೊಟ್ಟಣ ಸ್ಟಾಫ್ ರೂಮಿನ ಕಪಾಟಿನಲ್ಲಿದ್ದರೆ ಸಾಲದು, ಪಿಟಿ ಸರ್ ಕಿಸೆಯಲ್ಲೇ ಇರಬೇಕು. ಕೈ ನಡುಕ, ಬೆವರು ಕಂಡರೆ ಆಟ ನಿಲ್ಲಿಸಿ ಗ್ಲೂಕೋಸ್ ಕೊಟ್ಟು, 15 ನಿಮಿಷದ ಮೇಲೆ ಮತ್ತೆ ಪರೀಕ್ಷೆ.

ಆಟ ಮುಗಿದ ಮೇಲೂ ಸ್ನಾಯು ಖರ್ಚಾದ ಸಕ್ಕರೆಯನ್ನು ತುಂಬಿಕೊಳ್ಳುತ್ತಲೇ ಇರುತ್ತದೆ, ಕೆಲವೊಮ್ಮೆ 24 ಗಂಟೆವರೆಗೆ. ಹಾಗಾಗಿ ರಾತ್ರಿ ನಿದ್ದೆಯಲ್ಲೂ ಶುಗರ್ ಇಳಿಯಬಹುದು. ಸ್ಪೋರ್ಟ್ಸ್ ಡೇ ದಿನ ರಾತ್ರಿಯ ಇನ್ಸುಲಿನ್ ಎಷ್ಟು ಎಂದು ವೈದ್ಯರನ್ನು ಮೊದಲೇ ಕೇಳಿಡಿ. ಮಲಗುವಾಗ ಒಮ್ಮೆ, ನಡುರಾತ್ರಿ ಇನ್ನೊಮ್ಮೆ ಶುಗರ್ ನೋಡಿ. ಅಷ್ಟಮಿಗೆ ದಿನವಿಡೀ ಹುಲಿವೇಷ ಕುಣಿದ ಹುಡುಗನಿಗೂ ಇದೇ ಲೆಕ್ಕ.