ಚಿಕ್ಕದು ನಿಲ್ಲುತ್ತದೆ, ದೊಡ್ಡದು ದಾಟುತ್ತದೆ

ಫಿಸಿಯಾಲಜಿ, ಅಂದರೆ ದೇಹ ಕೆಲಸ ಮಾಡುವ ಬಗೆಯನ್ನು, ಓದಲು ಬಂದವರಿಗೆ ಒಂದು ಜೀವಕೋಶ ಬರೆದು ತೋರಿಸಿ ಅನ್ನಿ. ದುಂಡಗೆ ಒಂದು ಗೆರೆ ಎಳೆದು, 'ಕೋಶಪೊರೆ' ಎಂದು ಹೆಸರು ಹಾಕಿ, ತಕ್ಷಣ ಒಳಗಿನ ನ್ಯೂಕ್ಲಿಯಸ್ಸಿಗೆ ಹೋಗಿಬಿಡುತ್ತಾರೆ. ನನಗೆ ಬೇಜಾರಾಗುವುದು ಅಲ್ಲೇ. ಮುಂದೆ ಅವರು ಓದುವ ನರ, ಹೃದಯ, ಕರುಳು, ಮೂತ್ರಪಿಂಡ ಎಲ್ಲವೂ ಆ ಗೆರೆಯನ್ನು ನಂಬಿಕೊಂಡಿವೆ. ಅಮೆರಿಕದ ಜೋಯೆಲ್ ಮೈಕಲ್ ಮತ್ತು ಜೆನ್ನಿ ಮೆಕ್‌ಫಾರ್ಲೆಂಡ್ ಅಧ್ಯಾಪಕರನ್ನೇ ಕೇಳಿ, ಫಿಸಿಯಾಲಜಿಯ 15 ಮೂಲ ವಿಚಾರಗಳ ಪಟ್ಟಿಯನ್ನು 2011ರಲ್ಲಿ ಪ್ರಕಟಿಸಿದರು. ಕೋಶಪೊರೆ ಅದರ ಮೇಲ್ಸಾಲಿನಲ್ಲೇ ಇದೆ. ಆದರೂ ತರಗತಿಯಲ್ಲಿ ಅದಕ್ಕೆ ಸಿಗುವುದು ಒಂದು ದಿನ!

ಆ ಒಂದು ದಿನದಲ್ಲಿ ಮಕ್ಕಳ ತಲೆಯಲ್ಲಿ ಉಳಿಯುವುದು ಜರಡಿಯ ಚಿತ್ರ. ಚಿಕ್ಕದು ದಾಟುತ್ತದೆ, ದೊಡ್ಡದು ನಿಲ್ಲುತ್ತದೆ, ಅಷ್ಟೇ. ಇದು ತಪ್ಪು.

ಪೊರೆ ಎರಡು ಪದರದ ಕೊಬ್ಬು ಅನ್ನುವುದು ತಿಳಿದ ಕಥೆಯೇ ಸೊಗಸಾಗಿದೆ. 1925ರಲ್ಲಿ ನೆದರ್‌ಲೆಂಡ್ಸ್‌ನ ಗೋರ್ಟರ್ ಮತ್ತು ಗ್ರೆಂಡೆಲ್ ಕೆಂಪು ರಕ್ತಕಣಗಳ ಕೊಬ್ಬನ್ನು ಅಸಿಟೋನಿನಲ್ಲಿ ತೆಗೆದು ನೀರಿನ ಮೇಲೆ ಹರಡಿದರು. ಒಂದೇ ಅಣುವಿನ ದಪ್ಪಕ್ಕೆ ಹರಡಿದ ಆ ಕೊಬ್ಬು, ಕಣಗಳ ಮೈ ವಿಸ್ತೀರ್ಣದ ಎರಡರಷ್ಟು ಜಾಗ ಹಿಡಿಯಿತು. ಹಾಗಾದರೆ ಎರಡು ಪದರ! ನಿಜಕ್ಕೂ ಅಸಿಟೋನ್ ಪೂರ್ತಿ ಕೊಬ್ಬನ್ನು ಎಳೆದಿರಲಿಲ್ಲ, ಕಣಗಳ ವಿಸ್ತೀರ್ಣವನ್ನೂ ಅವರು ಕಡಿಮೆ ಲೆಕ್ಕ ಹಾಕಿದ್ದರು. ಎರಡು ತಪ್ಪೂ ಒಂದನ್ನೊಂದು ಸರಿದೂಗಿಸಿ, ಉತ್ತರ ಸರಿಯಾಗಿಯೇ ಬಂತು.

ಸರಿ, ಜರಡಿಗೆ ಬರೋಣ. ಸೋಡಿಯಂ ಅಯಾನು, ಅಂದರೆ ಪ್ಲಸ್ ವಿದ್ಯುತ್ತು ಹೊತ್ತ ಸೋಡಿಯಂ ಕಣ, ಅಂಥದ್ದೇ ಪೊಟ್ಯಾಸಿಯಂ ಅಯಾನಿಗಿಂತ ಚಿಕ್ಕದು. ಆದರೂ ಪೊರೆಯಲ್ಲಿರುವ ಪೊಟ್ಯಾಸಿಯಂ ಚಾನೆಲ್, ಅಂದರೆ ಅಯಾನು ದಾಟುವ ಪ್ರೋಟೀನಿನ ದಾರಿ, ದೊಡ್ಡದನ್ನು ದಾಟಲು ಬಿಟ್ಟು ಚಿಕ್ಕದನ್ನು ತಡೆಯುತ್ತದೆ. ಜರಡಿ ಹೀಗೆ ಮಾಡುತ್ತದಾ?

ನೀರಿನಲ್ಲಿರುವ ಅಯಾನು ಒಂಟಿಯಾಗಿರುವುದಿಲ್ಲ. ನೀರಿನ ಅಣುಗಳು ಆಮ್ಲಜನಕದ ಕಡೆಯಿಂದ ಅದನ್ನು ಸುತ್ತುವರಿದಿರುತ್ತವೆ, ದಪ್ಪ ಕಂಬಳಿಯ ಹಾಗೆ. ಚಾನೆಲ್ಲಿನ ಕಿರಿದಾದ ಭಾಗ ದಾಟಲು ಕಂಬಳಿ ಕಳಚಲೇಬೇಕು. ಸುಮ್ನೆ ಯಾರು ಕಳಚುತ್ತಾರೆ? ಒಳಗೆ ಅಷ್ಟೇ ಬೆಚ್ಚಗಿದ್ದರೆ ಮಾತ್ರ. ಅಲ್ಲಿ ಪ್ರೋಟೀನಿನ ಆಮ್ಲಜನಕಗಳು ಪೊಟ್ಯಾಸಿಯಂನ ಅಳತೆಗೇ ಸಾಲಾಗಿ ನಿಂತಿರುತ್ತವೆ. ನೀರು ಬಿಟ್ಟುಕೊಟ್ಟ ಆಸರೆಯನ್ನು ಅವು ತುಂಬಿಕೊಡುತ್ತವೆ. ಸೋಡಿಯಂ ಚಿಕ್ಕದಾದ್ದರಿಂದ ಎಲ್ಲ ಕಡೆಗೂ ಎಟುಕುವುದಿಲ್ಲ. ಕಿರಿದಾದ ಬಾವಿಗೆ ದೊಡ್ಡವರು ಎರಡು ಕಡೆಯ ಗೋಡೆಗೂ ಕಾಲು ಕೊಟ್ಟು ಇಳಿಯಬಹುದು. ಮಗುವಿನ ಕಾಲು ಒಂದೇ ಕಡೆ ತಾಗುತ್ತದೆ. ಹಾಗಾಗಿ ಸೋಡಿಯಂಗೆ ನೀರೇ ವಾಸಿ, ಹೊರಗೇ ಉಳಿಯುತ್ತದೆ. ಇದನ್ನು 1998ರಲ್ಲಿ ಎಕ್ಸ್‌ರೇಯಿಂದ ತೋರಿಸಿದ ರಾಡ್ರಿಕ್ ಮೆಕಿನನ್‌ಗೆ 2003ರ ರಸಾಯನಶಾಸ್ತ್ರದ ನೊಬೆಲ್ ಬಂತು. ಇಷ್ಟು ಕಟ್ಟುನಿಟ್ಟಿನ ನಡುವೆಯೂ ಒಂದೊಂದು ಚಾನೆಲ್ಲಿನಿಂದ ಸೆಕೆಂಡಿಗೆ ಕೋಟಿಗಟ್ಟಲೆ ಪೊಟ್ಯಾಸಿಯಂ ಹರಿಯಬಲ್ಲದು!

ಇನ್ನೊಂದು ತಪ್ಪು ತಿಳುವಳಿಕೆ: ಕೋಶದ ವಿದ್ಯುತ್ತನ್ನು ಸೋಡಿಯಂ-ಪೊಟ್ಯಾಸಿಯಂ ಪಂಪೇ ನೇರವಾಗಿ ಹುಟ್ಟಿಸುತ್ತದೆ ಅನ್ನುವುದು. ಪಂಪು ಮೂರು ಸೋಡಿಯಂ ಹೊರಗೆ ಹಾಕಿ ಎರಡು ಪೊಟ್ಯಾಸಿಯಂ ಒಳಗೆ ತರುತ್ತದೆ, ನಿಜ. ಆದರೆ ಅದರ ಮುಖ್ಯ ಕೆಲಸ ದಾಸ್ತಾನು ಮಾಡುವುದು. ವೋಲ್ಟೇಜಿನ ಬಹುಪಾಲು ಬರುವುದು ಆ ಪೊಟ್ಯಾಸಿಯಂ ಚಾನೆಲ್ಲಿನಿಂದ ಹೊರಗೆ ಸೋರುವಾಗ. ಪ್ಲಸ್ ಹೊರಗೆ ಹೋಯಿತು, ಒಳಗೆ ಮೈನಸ್ ಉಳಿಯಿತು. ನರಕೋಶದಲ್ಲಿ ಅದು ಸುಮಾರು 70 ಮಿಲಿವೋಲ್ಟ್. ಕಡಿಮೆ ಅನ್ನಿಸುತ್ತದೆ, ಅಲ್ವಾ? ಆದರೆ ಪೊರೆಯ ದಪ್ಪ 5 ನ್ಯಾನೋಮೀಟರಿನ ಆಸುಪಾಸು. ಮೀಟರಿಗೆ ಲೆಕ್ಕ ಹಾಕಿದರೆ 1 ಕೋಟಿ 40 ಲಕ್ಷ ವೋಲ್ಟ್. ಒಣ ಗಾಳಿಯನ್ನು ಸೀಳಿ ಕಿಡಿ ಹಾರಲು ಮೀಟರಿಗೆ 30 ಲಕ್ಷ ಸಾಕು.

ಪಾಠ ಅರ್ಥವಾಯಿತಾ ಎಂದು ನೋಡಲು ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ಕೋಶದೊಳಗೆ ಪೊಟ್ಯಾಸಿಯಂ ಲೀಟರಿಗೆ ಸುಮಾರು 140 ಮಿಲಿಮೋಲ್, ಹೊರಗೆ 4. ಹೊರಗಿನದು 8 ಆದರೆ ವೋಲ್ಟೇಜ್ ಏನಾಗುತ್ತದೆ? ಬಾಯಿಪಾಠ ಮಾಡಿದವರು 'ಹೊರಗೆ ಪ್ಲಸ್ ಜಾಸ್ತಿ, ಒಳಗೆ ಇನ್ನೂ ಮೈನಸ್' ಅನ್ನುತ್ತಾರೆ. ಸೋರಿಕೆಯನ್ನು ಕಣ್ಣ ಮುಂದೆ ತಂದುಕೊಂಡವರು ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ಆಮೇಲೆ, ಹೊರಗೆ ಜಾಸ್ತಿಯಾದರೆ ಒಳಗಿನಿಂದ ಸೋರುವುದು ಕಡಿಮೆ, ಹಾಗಾಗಿ ಒಳಗಿನ ಮೈನಸ್ಸೂ ಕಡಿಮೆಯಾಗುತ್ತದೆ ಅನ್ನುತ್ತಾರೆ. ಹೃದಯದ ಬಡಿತದ ಲಯ ಆಗ ಯಾಕೆ ತಪ್ಪಬಹುದು ಅನ್ನುವ ಮುಂದಿನ ಪ್ರಶ್ನೆಯನ್ನು ನಾನು ಕೇಳುವ ಮೊದಲೇ ಅವರೇ ಕೇಳುತ್ತಾರೆ.